ಬಲಗಡೆಯ ಹೂವು

ದೇವರ ಮುಂದೆ ಕಂಪ್ಯೂಟರಿನ ವ್ಯಾಜ್ಯ ತಂದಿಟ್ಟ ಊರು ಅಂತ ಒಂದಿದ್ದರೆ ಅದು ನಮ್ಮ ದೊಡ್ಡಗಾಜನೂರೇ ಇರಬೇಕು. ಬೇರೆ ಊರಿನವರು ಇಂಥದ್ದಕ್ಕೆ ಮೀಟಿಂಗ್ ಕರೆದು ಕೈ ಎತ್ತಿಸುತ್ತಾರೆ. ನಮ್ಮವರೂ ಮೀಟಿಂಗ್ ಕರೆದರು. ಪ್ರತಿ ಸಲವೂ ಟೀ ಕುಡಿದು, ಮಾತು ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ತಂದು ನಿಲ್ಲಿಸಿ ಎದ್ದು ಹೋದರು. ಕೊನೆಗೆ ಯಾರೋ "ಊ ಕೇಳ್ಬುಡನ", ಗುಡಿಯಲ್ಲಿ ಹೂವಿನ ಅಪ್ಪಣೆ ಕೇಳಿಬಿಡೋಣ ಅಂದರು. ಎಲ್ಲರಿಗೂ ಜೀವ ಬಂದಂತಾಯಿತು. ತೀರ್ಮಾನ ಮಾಡುವ ಕೆಲಸ ದೇವರ ತಲೆಗೆ ಕಟ್ಟುವುದು ಅಂದರೆ ನಮ್ಮವರಿಗೆ ಅಷ್ಟು ಹಿತ.

ನಾನು ಸರೋಜಾ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಪೇಟೆಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಜಮೀನಿನ ಪಟ್ಟಾ, ಚಿಟ್ಟಾ ಪ್ರಿಂಟ್ ತೆಗೆದುಕೊಡುವುದು, ರೇಷನ್ ಕಾರ್ಡಿಗೆ ಹೊಸ ಸೊಸೆಯರ ಹೆಸರು ಸೇರಿಸುವುದು, ತಮಿಳು ಓದಲು ಬಾರದವರಿಗೆ ತಮಿಳಿನಲ್ಲಿ ಅರ್ಜಿ ಬರೆದುಕೊಡುವುದು, ಇದು ನನ್ನ ಹೊಟ್ಟೆಪಾಡು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ವಿಡಿಯೋ ನೋಡಿಕೊಂಡು ಕೋಡ್ ಬರೆಯುವುದನ್ನು ಕಲಿತೆ. ಕಲಿತು ಸುಮ್ಮನಿರಬೇಕಿತ್ತು. ಊರಿಗೆ ಗೊತ್ತಾಯಿತು.

ನಮ್ಮೂರ ತರಕಾರಿ ಬೆಳೆಗಾರರ ಸಂಘಕ್ಕೆ ಒಂದು ವ್ಯಾನ್ ಇದೆ. ಕೋಸು, ಬೀನ್ಸು, ಟೊಮ್ಯಾಟೊ ಮೂಟೆಗಳನ್ನು ಸಂಜೆಯೇ ಹೇರಿಟ್ಟುಕೊಂಡು, ರಾತ್ರಿ ಮುಚ್ಚುವ ಕಾಡಿನ ಗೇಟು ಬೆಳಗ್ಗೆ ತೆಗೆದ ಕೂಡಲೇ ಹಾಸನೂರು ದಾಟಿ, ದಿಂಬಂ ತಿರುವುಗಳನ್ನು ಇಳಿದು ಸತ್ಯಮಂಗಲದ ಮಂಡಿ ಸೇರುತ್ತದೆ. ವ್ಯಾನ್ ಒಂದೇ, ಮೂಟೆ ಮಾತ್ರ ಯಾವತ್ತೂ ಹೆಚ್ಚು. ಯಾರ ಮೂಟೆ ಏರಬೇಕು, ಯಾರದು ಉಳಿಯಬೇಕು ಅಂತ ದಿನಾ ವ್ಯಾನಿನ ಹಿಂದೆ ಜಗಳ. ಒಂದು ಸಲ ಒಡಹುಟ್ಟಿದ ಅಣ್ಣತಮ್ಮಂದಿರು ಕೋಸಿನಲ್ಲೇ ಹೊಡೆದಾಡಿಕೊಂಡರು. ಅವತ್ತು ಸಂಘದ ಅಧ್ಯಕ್ಷ ಮಲ್ಲಪ್ಪಣ್ಣ ನನ್ನ ಸೆಂಟರಿಗೆ ಬಂದು, ಫೋನಿನಲ್ಲೇ ಮೂಟೆ ಬುಕ್ ಮಾಡುವ ಹಾಗೆ ಏನಾದರೂ ಮಾಡಿಕೊಡವ್ವ ಅಂದ. ನಾನು ಹೂಂ ಅಂದೆ. ಅದಾಗಿ ಆರು ವರ್ಷ.

ಸಂಜೆ ನಾಲ್ಕರೊಳಗೆ ನಾನು ಮಾಡಿದ ಪೇಜಿನಲ್ಲಿ ಎಷ್ಟು ಮೂಟೆ ಅಂತ ಒತ್ತಬೇಕು, ನಾಲ್ಕಕ್ಕೆ ಯಾರದು ಮೊದಲು ಯಾರದು ಆಮೇಲೆ ಅಂತ ತೋರಿಸುತ್ತದೆ. ನೋಡುವುದಕ್ಕೆ ಇಷ್ಟೇ. ಒಳಗೆ ನಾನು ಊರಿನ ನಡವಳಿಕೆಯನ್ನೆಲ್ಲ ಕೂತು ಬರೆದಿದ್ದೆ. ಆನೆ ನುಗ್ಗಿದ ಹೊಲದಲ್ಲಿ ಅಳಿದುಳಿದದ್ದು ಅವತ್ತೇ ಸಾಗಬೇಕು, ಹಾಗಾಗಿ ಅವರಿಗೆ ಮುಂದಿನ ಜಾಗ. ನಿನ್ನೆ ಜಾಗ ಸಿಗದೆ ಉಳಿದವರಿಗೆ ಅದರ ನಂತರ. ಎಲ್ಲಕ್ಕಿಂತ ಮೊದಲು ಸಾವಾದ ಮನೆಯ ಮೂಟೆ. ಆ ಮನೆಯವರು ಹೊಲಕ್ಕೆ ಹೋಗುವ ಸ್ಥಿತಿಯಲ್ಲಿ ಇರುವುದಿಲ್ಲ, ಅಕ್ಕಪಕ್ಕದವರು ಕೊಯ್ದು ತಂದು ವ್ಯಾನಿನ ಹತ್ತಿರ ಇಡುತ್ತಾರೆ, ಅದು ಏರಿದ ಮೇಲೆಯೇ ಉಳಿದವರದು. ಇದು ಯಾವ ಕಾಲದಿಂದ ಬಂದದ್ದೋ, ಎತ್ತಿನಗಾಡಿ ಇದ್ದಾಗಲೂ ಹೀಗೇ ಇತ್ತಂತೆ.

ಮಾಡಿಕೊಟ್ಟದ್ದು ಒಂದು ಸಲ, ನೋಡಿಕೊಂಡದ್ದು ಆರು ವರ್ಷ. ಎಲ್ಲೋ ಯಾವನೋ ಏನೋ ಬದಲಾಯಿಸಿದರೆ ನಮ್ಮ ಪೇಜು ನಿಂತುಹೋಗುತ್ತದೆ, ನನಗೆ ಫೋನು. ಗಾಳಿಮಳೆಗೆ ಟವರ್ ಹೋದರೆ ನನಗೆ ಫೋನು. ಮೊಮ್ಮಕ್ಕಳು ಅಜ್ಜನ ಫೋನಿನಲ್ಲಿ ಭಾಷೆ ಬದಲಾಯಿಸಿಟ್ಟರೆ ಅದಕ್ಕೂ ನನಗೇ. ಎಮ್ಮೆ ಹಾಲು ಕೊಡದಿದ್ದರೂ ಇವರು ನನಗೇ ಫೋನ್ ಮಾಡುವವರು. ನಾದಿನಿಯ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ನಾನು ಅಡುಗೆ ಮನೆಯ ಹಿಂದೆ ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಫೋಟೋಗಳಲ್ಲಿ ನಾನಿಲ್ಲ.

ಅದನ್ನೂ ತಡೆದುಕೊಂಡೇನು. ತಡೆಯಲಾಗದ್ದು ನನ್ನ ಹರಕೆ. ಮಗಳು ಪೂಜ ಹತ್ತನೇ ಕ್ಲಾಸಿನಲ್ಲಿದ್ದಾಗ ಕಾಮಾಲೆ ಬಂದು ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಳು. ಇವಳನ್ನು ಉಳಿಸಿಕೊಡು, ಶಿವರಾತ್ರಿಗೆ ನಿನ್ನ ಬೆಟ್ಟಕ್ಕೆ ನಡೆದುಕೊಂಡು ಬರುತ್ತೇನೆ ಅಂತ ಮಾದಪ್ಪನಿಗೆ ಹೇಳಿಕೊಂಡೆ. ಉಳಿಸಿಕೊಟ್ಟ. ಅವಳೀಗ ಈರೋಡಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನಾನು ಇನ್ನೂ ಹೋಗಿಲ್ಲ. ಪ್ರತಿ ವರ್ಷ ಊರವರು ಗಂಟು ಕಟ್ಟಿಕೊಂಡು ನಡೆದು ಹೊರಟಾಗ ಬೀದಿಯ ಕೊನೆಯವರೆಗೆ ಹೋಗಿ, ಕೈ ಮುಗಿದು, ವಾಪಸ್ ಬರುತ್ತೇನೆ. ಹನೂರು ದಾಟಿ ಕಾಡು ಹಿಡಿದರೆ ಸಿಗ್ನಲ್ ಇಲ್ಲ, ಅಷ್ಟು ದಿನ ಪೇಜು ನಿಂತರೆ ನೋಡುವವರು ಯಾರು?

"ಮುಂದಿನ್ ವರ್ಸ ಓಗುವೆ ಬುಡವ್ವ, ಬೆಟ್ಟ ಎಲ್ಗೂ ಓಗಲ್ಲ" ಅನ್ನುತ್ತಿದ್ದ ಮಲ್ಲಪ್ಪಣ್ಣ.

ಬೆಟ್ಟ ಎಲ್ಲಿಗೂ ಹೋಗಲಿಲ್ಲ, ನಿಜ. ನಾನೂ ಹೋಗಲಿಲ್ಲ.

ಹೀಗಿರುವಾಗ ಮಲ್ಲಪ್ಪಣ್ಣನ ಸೊಸೆ ಬಿಂದುಶ್ರೀ ಒಂದು ದಿನ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಸೆಂಟರಿಗೆ ಬಂದಳು. ಗುಂಡ್ಲುಪೇಟೆ ಕಡೆಯ ಹುಡುಗಿ, ಬಿ.ಕಾಂ ಓದಿದವಳು, ಮದುವೆಯಾಗಿ ಎರಡು ವರ್ಷ. ಬಾಗಿಲಲ್ಲೇ ನಿಂತು, "ಅಕ್ಕ, ನೀವು ಬೇಜಾರ್ ಮಾಡ್ಕಬ್ಯಾಡಿ" ಅಂತ ಶುರು ಮಾಡಿದಳು. ಆಮೇಲೆ ಫೋನ್ ತೋರಿಸಿದಳು. ಅದರಲ್ಲಿ ನಮ್ಮ ವ್ಯಾನಿನ ಬುಕಿಂಗ್ ಪೇಜು ಇತ್ತು. ನನ್ನದಲ್ಲ, ಅವಳದು. ಒಂದು ಸಾಲು ಕೋಡ್ ಬರೆಯದೆ, ಯಾವುದೋ ಕಂಪನಿಯ ರೆಡಿಮೇಡ್ ಡಬ್ಬಿಗಳನ್ನು ಬೆರಳಲ್ಲಿ ಎಳೆದೆಳೆದು ಕೂರಿಸಿ ಮಾಡಿದ್ದಳು. ಕೂಸು ಮಧ್ಯಾಹ್ನ ಮಲಗಿದ್ದಾಗ ಮಾಡಿದ್ದಂತೆ. ಬಣ್ಣ ಚೆನ್ನಾಗಿತ್ತು, ಅಕ್ಷರ ದಪ್ಪಗಿತ್ತು, ವಯಸ್ಸಾದವರಿಗೂ ಕಾಣುವ ಹಾಗಿತ್ತು.

ಹೊಟ್ಟೆ ಉರಿಯಿತು, ಸುಳ್ಳು ಯಾಕೆ. ನಾನು ಕಣ್ಣು ಕೆಂಪು ಮಾಡಿಕೊಂಡು ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ಇವಳು ಕೂಸಿನ ನಿದ್ದೆಯಲ್ಲಿ ಮಾಡಿದ್ದಳು. ಆದರೆ ಅವಳು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಉರಿ ಆರಿ, ಅಲ್ಲೊಂದು ಆಸೆ ಹುಟ್ಟಿಕೊಂಡಿತ್ತು. ಇವಳದೇ ಓಡಲಿ. ನಾನು ಬೆಟ್ಟಕ್ಕೆ ಹೋಗುತ್ತೇನೆ.

ಸಂಘದಲ್ಲಿ ಎರಡು ಪಾರ್ಟಿ ಆಯಿತು. ಎಳೆಯರು ಬಿಂದುವಿನದು ಇರಲಿ ಅಂದರು. ಹಳಬರು ಸರೋಜನದೇ ಇರಲಿ ಅಂದರು. ಟೈಲರು ಹೊಲಿದ ಅಂಗಿ ಮೈಗೆ ಕೂರುತ್ತದೆ, ರೆಡಿಮೇಡು ಕೂರುವುದಿಲ್ಲ ಅಂತ ಒಬ್ಬರು. ಈಗ ಟೈಲರ್ ಹತ್ತಿರ ಯಾರು ಹೋಗುತ್ತಾರೆ, ನೀನು ಹಾಕಿಕೊಂಡಿರುವುದೂ ರೆಡಿಮೇಡೇ ಅಂತ ಇನ್ನೊಬ್ಬರು. ಆ ಕಂಪನಿ ನಾಳೆ ಬಾಗಿಲು ಹಾಕಿದರೆ ಅಂತ ಒಬ್ಬ ಕೇಳಿದ. "ಸರೋಜಾ ನಾಳ ಕಣ್ ಮುಚ್ಚುದ್ರ?" ಅಂತ ಮತ್ತೊಬ್ಬ ಕೇಳಿದ. ನನ್ನ ಎದುರಿಗೇ ನನ್ನ ಸಾವಿನ ಬಗ್ಗೆ ಸುಮಾರು ಹೊತ್ತು ಚರ್ಚೆ ನಡೆಯಿತು. ನಿನಗೆ ಯಾವುದು ಬೇಕು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಹೆತ್ತವಳಿಗೆ ತನ್ನ ಮಗುವೇ ಬೇಕಲ್ಲವೇ, ಅದನ್ನೇನು ಕೇಳುವುದು ಅಂತ ಅವರ ಲೆಕ್ಕ. ನಾನಾದರೂ ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳುವುದಕ್ಕೂ ಸುಸ್ತು.

ಹೂ ಕೇಳುವುದು ನಮ್ಮ ಕಡೆ ದೊಡ್ಡ ವಿಷಯ. ಹೆಣ್ಣು ತರುವುದು, ಬಾವಿ ತೋಡುವುದು, ಆಸ್ತಿ ಪಾಲಾಗುವುದು, ಬಗೆಹರಿಯದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಊರ ಮಾದಪ್ಪನ ಗುಡಿಯಲ್ಲಿ ಪೂಜೆ ಮಾಡುವ ತಮ್ಮಡಿ ಲಿಂಗಯ್ಯನವರು ಲಿಂಗವನ್ನು ತೊಳೆದು, ಆ ಒದ್ದೆಗೆ ಬಲಕ್ಕೊಂದು ಎಡಕ್ಕೊಂದು ಕಣಗಿಲೆ ಹೂ ಅಂಟಿಸುತ್ತಾರೆ. ವಿಷಯವನ್ನು ಬಾಯಿ ಬಿಟ್ಟು ಹೇಳುತ್ತಾರೆ. ಯಾವ ಕಡೆಯ ಹೂ ಮೊದಲು ಬೀಳುತ್ತದೋ ಅದು ಅಪ್ಪಣೆ. ಬೀಳುವ ತನಕ ಯಾರೂ ಏಳುವ ಹಾಗಿಲ್ಲ.

ಶಿವರಾತ್ರಿಗೆ ಇನ್ನೇನು ಸ್ವಲ್ಪ ದಿನ ಇತ್ತು. ಬಿಸಿಲೇರುವ ಹೊತ್ತಿಗೆ ಎಲ್ಲರೂ ಗುಡಿಯಲ್ಲಿ ಕೂತೆವು.

"ಅಪ್ಪ, ಸರೋಜಾ ಬರ್ದು ಮಾಡ್ಕೊಟ್ಟದ್ದೇ ಮುಂದ್ಕೂ ನಡೀಬೇಕು ಅನ್ನಂಗಿದ್ರ ಬಲಕ್ಕ ಕೊಡು. ಬಿಂದು ಜೋಡ್ಸಿರೋದು ನಡೀಬೇಕು ಅನ್ನಂಗಿದ್ರ ಎಡಕ್ಕ ಕೊಡು" ಅಂತ ಲಿಂಗಯ್ಯನವರು ಕೇಳಿದರು.

ಮಲ್ಲಪ್ಪಣ್ಣ ನನ್ನ ಕಡೆ ಬಗ್ಗಿ, "ದೈರ್ಯವಾಗಿರು ಕಣವ್ವ, ಅಪ್ಪ ನಿನ್ನ ಕೈ ಬುಡಲ್ಲ" ಅಂದ.

ನನಗಿದ್ದ ಭಯವೇ ಅದು. ಎಡಕ್ಕೆ ಕೊಡಪ್ಪ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಹೂ ಬೀಳಲಿಲ್ಲ. ಎರಡೂ ಲಿಂಗಕ್ಕೆ ಅಂಟಿಕೊಂಡು ಕೂತಿದ್ದವು. ಹೊತ್ತು ಹೋಯಿತು. ಯಾರೋ ಕೆಮ್ಮಿದರು, ಯಾರೋ ಬೀನ್ಸಿನ ರೇಟು ಪಿಸುಗುಟ್ಟಿದರು. ಗುಡಿಯ ಕಲ್ಲು ತಣ್ಣಗಿತ್ತು. ಒಳಗೆ ಫೋನ್ ತರಬಾರದು ಅಂತ ಎಲ್ಲರದೂ ಬಾಗಿಲ ಬಳಿ ಬುಟ್ಟಿಯಲ್ಲಿ ಇಟ್ಟಿದ್ದರು, ನನ್ನದೂ. ಕಂಬಕ್ಕೆ ಬೆನ್ನು ಕೊಟ್ಟೆ. ಆಮೇಲೆ ನನಗೆ ಗೊತ್ತಿಲ್ಲ. ಎಷ್ಟೋ ಕಾಲದ ಮೇಲೆ ಅಂಥ ನಿದ್ದೆ ಬಂದಿತ್ತು, ಬಾವಿಗೆ ಬಿಟ್ಟ ಕೊಡದ ಹಾಗೆ ಮುಳುಗಿಹೋದೆ.

"ಸರೋಜಾ, ಏಳು, ಏಳವ್ವ. ಬಲಕ್ಕ ಕೊಟ್ಟ."

ಕಣ್ಣು ಬಿಟ್ಟರೆ ಮಲ್ಲಪ್ಪಣ್ಣನ ನಗುಮುಖ. ಅದರ ಪಕ್ಕದಲ್ಲೇ, ಆಗಲೇ ಬುಟ್ಟಿಯಿಂದ ಎತ್ತಿಕೊಂಡು ಬಂದು ನನ್ನ ಮೂಗಿಗೆ ತಗಲುವಷ್ಟು ಹತ್ತಿರಕ್ಕೆ ಹಿಡಿದಿದ್ದ ಅವನ ಫೋನು.

"ಅಪ್ಪ ನಿನ್ನದ್ನೇ ಒಪ್ಕಂಡ. ಆಗ್ಲೇ ಮೂರೂವರೆ ಆಗೋಗದ, ಪೇಜು ತಕ್ಕತ್ತಾನೇ ಇಲ್ಲ, ಒಸಿ ನೋಡವ್ವ."

ಅತ್ತುಬಿಟ್ಟೆ. ಅಷ್ಟು ಜನರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ.

"ಸಂತೋಸಕ್ಕ ಅಳ್ತಾ ಅವ್ಳ" ಅಂದರು ಯಾರೋ.

"ಸಂತೋಸ ಅಲ್ಲ" ಅಂದೆ. "ನನ್ಗ ಬ್ಯಾಡ ಇದು. ಸಾಕಾಗೋಗದ. ನಾನು ಎಡಕ್ಕ ಕೊಡು ಅಂತ ಬೇಡ್ಕತಾ ಕೂತಿದ್ದಿ. ಬೆಟ್ಟಕ್ಕ ನಡ್ಕ ಬತ್ತೀನಿ ಅಂತ ಅರಕೆ ಒತ್ತು ನಾಕ್ ವರ್ಸ ಆಯ್ತು. ಈ ಪೇಜ್ ಕಾಯ್ಕೊಂಡು ಅದ್ನೂ ತೀರ್ಸ್ನಿಲ್ಲ."

ಲಿಂಗಯ್ಯನವರು ಹೂವನ್ನು ತಟ್ಟೆಯಲ್ಲಿ ಹಿಡಿದುಕೊಂಡು ಬರುತ್ತಿದ್ದವರು ಅಲ್ಲೇ ನಿಂತರು.

"ಅರಕೆ ಯಾರ್ಗ ಒತ್ತಿದ್ದೆ?"

"ಇವನ್ಗೇ. ಮಾದಪ್ಪನ್ಗೇ."

"ಅರಕೆ ಬಾಕಿ ಇರೋರ ಮ್ಯಾಲೆ ಊ ಕೇಳಂಗಿಲ್ಲ ಕಣವ್ವ" ಅಂದರು ಅವರು. "ಅವನ್ಗ ಕೊಡ್ಬೇಕಾದ್ದ ಕೊಡ್ದೆ ಅವನ್ನೇ ಕೇಳದಾ? ಮೊದ್ಲೇ ಯಾಕ ಯೋಳ್ನಿಲ್ಲ?"

"ನೀವು ಯಾರೂ ಕೇಳ್ನಿಲ್ಲ ಅಯ್ಯ."

ಲಿಂಗಯ್ಯನವರು ಮಲ್ಲಪ್ಪಣ್ಣನನ್ನು ನೋಡಿದರು. ಮಲ್ಲಪ್ಪಣ್ಣ ಫೋನನ್ನು ಜೇಬಿಗೆ ಹಾಕಿಕೊಂಡ. "ಇದು ಕೇಳ್ದಂಗಲ್ಲ" ಅಂತ ಲಿಂಗಯ್ಯನವರು ತಟ್ಟೆಯ ಹೂವನ್ನು ತೆಗೆದು ಗುಡಿಯ ಪಕ್ಕದ ಬಿಲ್ವದ ಬುಡಕ್ಕೆ ಹಾಕಿಬಿಟ್ಟರು. "ಮೊದ್ಲು ಓಗಿ ಅರಕೆ ತೀರ್ಸ್ಕಂಡು ಬಾ. ಬಂದ್ ಮ್ಯಾಲೆ ಊ ಇನ್ನೊಂದ್ ಸಲ ಇಡನ."

"ಅಲ್ಲೀಗಂಟ ವ್ಯಾನು?" ಅಂದ ಮಲ್ಲಪ್ಪಣ್ಣ.

ಹೆಂಗಸರ ಹಿಂದಿನಿಂದ ಬಿಂದು, "ಅಲ್ಲೀಗಂಟ ನಂದು ಓಡ್ಲಿ ಬುಡಿ ಮಾವ" ಅಂದಳು. ದನಿಯಲ್ಲಿ ಹೆಮ್ಮೆ ಇತ್ತು. ಇರಲಿ, ಪಾಪ. ನನಗೂ ಒಂದು ಕಾಲಕ್ಕೆ ಇತ್ತು.

ನಡೆದೆ. ಊರವರ ಜೊತೆ, ತಲೆಯ ಮೇಲೆ ಗಂಟು, ಕಾಲಲ್ಲಿ ಬೊಬ್ಬೆ. ಹನೂರು ದಾಟುವ ತನಕ ಫೋನನ್ನು ಕೈಯಲ್ಲೇ ಹಿಡಿದಿದ್ದೆ. ಸಿಗ್ನಲ್ ಹೋದ ಮೇಲೂ ಸುಮಾರು ದೂರ ಅದನ್ನು ತೆಗೆದು ತೆಗೆದು ನೋಡುತ್ತಿದ್ದೆ. ಜೊತೆಗಿದ್ದ ಹೆಂಗಸರು "ಉಘೇ ಮಾದಪ್ಪ" ಅನ್ನುವಾಗ ನಾನು ಅರ್ಧ ಮಾತ್ರ ಅನ್ನುತ್ತಿದ್ದೆ, ಉಳಿದರ್ಧ ಮನಸ್ಸು ಇವತ್ತು ಯಾರ ಮೂಟೆ ಉಳಿಯಿತೋ ಅನ್ನುತ್ತಿತ್ತು. ತಾಳುಬೆಟ್ಟದ ಮೆಟ್ಟಿಲು ಹತ್ತುವಾಗ ಕಾಲು ನೋವು ಎಷ್ಟಾಯಿತು ಅಂದರೆ ವ್ಯಾನು ಮರೆತೇಹೋಯಿತು. ದೇವರ ಮುಂದೆ ನಿಂತು ಮಗಳ ಹೆಸರು ಹೇಳಿದೆ. ಬೇರೆ ಏನೂ ಕೇಳಲಿಲ್ಲ. ಕೇಳಿ ಕೇಳಿ ಅವನಿಗೂ ಸಾಕಾಗಿರಬೇಕು.

ಬೆಟ್ಟದ ಮೇಲೆ ಸಿಗ್ನಲ್ ಬಂತು. ನನಗೆ ಒಂದು ಫೋನೂ ಬಂದಿರಲಿಲ್ಲ. ಖುಷಿಯಾಗಬೇಕಿತ್ತು, ಆಯಿತು ಕೂಡ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ನೋಡಿದೆ.

ಬಸ್ಸಿನಲ್ಲಿ ಊರಿಗೆ ವಾಪಸ್ ಬಂದವಳು ಮನೆಗೆ ಹೋಗಿ ಗಂಟಿಳಿಸಿ, ಪ್ರಸಾದ ಕೊಡೋಣ ಅಂತ ಮಲ್ಲಪ್ಪಣ್ಣನ ಮನೆಗೆ ಹೋದೆ. ಮಧ್ಯಾಹ್ನ ಇಳಿಯುತ್ತಿತ್ತು. ಬಿಂದು ಜಗುಲಿಯಲ್ಲಿ ಕೂತಿದ್ದಳು. ತೊಲೆಗೆ ಕಟ್ಟಿದ ಸೀರೆ ಜೋಲಿಯಲ್ಲಿ ಕೂಸು, ಒಂದು ಕೈಯಲ್ಲಿ ಜೋಲಿಯ ಹಗ್ಗ, ಇನ್ನೊಂದರಲ್ಲಿ ಫೋನು. ತಲೆ ಬಾಚಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ, ಆಗದೆ ಅಲ್ಲೇ ಕೂತಳು.

ಆದದ್ದು ಇಷ್ಟು. ನಾವು ಹೊರಟ ಮಾರನೆಯ ದಿನ ಮೇಲಿನ ಬೀದಿಯ ಬೊಮ್ಮಮ್ಮಜ್ಜಿ ತೀರಿಕೊಂಡಿದ್ದಳು. ಅವರ ಹೊಲದಲ್ಲಿ ಬೀನ್ಸು ಕೊಯ್ಲಿಗೆ ಬಂದಿತ್ತು. ಅಕ್ಕಪಕ್ಕದವರು ದಿನಾ ಕೊಯ್ದು ತಂದು ವ್ಯಾನಿನ ಹತ್ತಿರ ಇಡುತ್ತಿದ್ದರು. ಬಿಂದುವಿನ ಪೇಜಿಗೆ ಮೊದಲು ಒತ್ತಿದವರು ಮೊದಲು ಅನ್ನುವುದೊಂದೇ ಗೊತ್ತು. ಒತ್ತದೇ ಇದ್ದ ಸಾವಿನ ಮನೆಯ ಮೂಟೆ ಕಡೆಗೆ ಹೋಯಿತು. ಆ ಕಂಪನಿಯ ಡಬ್ಬಿಗಳಲ್ಲಿ ಸಾವಿನ ಮನೆಗೆ ಒಂದು ಡಬ್ಬಿ ಇರಲಿಲ್ಲ. ಎಲ್ಲವನ್ನೂ ಎಳೆದು ನೋಡಿದಳಂತೆ. ಕಂಪನಿಗೆ ಬರೆದಳಂತೆ. ನಿಮ್ಮ ಸಲಹೆಗೆ ಧನ್ಯವಾದ ಅಂತ ಇಂಗ್ಲಿಷಿನಲ್ಲಿ ಉತ್ತರ ಬಂತಂತೆ. ಕೊನೆಗೆ ದಿನಾ ಮಧ್ಯಾಹ್ನ ಕೂತು ಒಬ್ಬೊಬ್ಬರ ಬುಕಿಂಗನ್ನೂ ಕೈಯಾರೆ ಕೆಳಕ್ಕೆ ತಳ್ಳಿ ತಾನೇ ಒತ್ತಿದ್ದ ಬೊಮ್ಮಮ್ಮನ ಮನೆಯದನ್ನು ಮೇಲೆ ತರುತ್ತಿದ್ದಳು. ಕೆಳಕ್ಕೆ ಹೋದವರೆಲ್ಲ ಫೋನು ಮಾಡುತ್ತಿದ್ದರು.

"ನಂದ್ಯಾಕ ಕೆಳಕ್ಕೋಯ್ತು ಅಂತಾರ. ಬೊಮ್ಮಮ್ಮಜ್ಜಿ ಮನೇದು ಮೊದ್ಲು ಅಲ್ವಾ ಅಂದ್ರ, ಅದ್ ನಮ್ಗೂ ಗೊತ್ತು, ಫೋನಲ್ಲಿ ಯಾಕಂಗ್ ತೋರುಸ್ತದ ಅಂತಾರ" ಅಂದಳು. "ಕೂಸ್ಗ ಜ್ವರ ಬ್ಯಾರೆ. ನೀವು ಎಂಗಕ್ಕ ಇಷ್ಟ್ ವರ್ಸ ತಡ್ಕಂಡ್ರಿ?"

"ಗೊತ್ತಿಲ್ಲ ಕಣವ್ವ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಪ್ರಸಾದವನ್ನು ಅವಳ ಕೈಗಿಟ್ಟೆ. ಕಣ್ಣಿಗೊತ್ತಿಕೊಂಡಳು.

"ನಾಳ ಊ ಕೇಳ್ತಾರಂತ ಅಕ್ಕ. ನೀವು ಬರೋದ್ನೇ ಕಾಯ್ತಾ ಅವ್ರ" ಅಂದಳು. ಆಮೇಲೆ ನನ್ನ ಮುಖ ನೋಡದೆ, "ಬಲಕ್ಕೇ ಬೀಳ್ಲಿ ಅಂತ ಬೇಡ್ಕತಾ ಇವ್ನಿ. ನನ್ನ ಬೈಕಬ್ಯಾಡಿ" ಅಂದಳು.

ಬೈಯಲಿಲ್ಲ. ಬೈಯುವುದಕ್ಕೆ ನನಗೆ ಯಾವ ಮುಖ? ಗುಡಿಯ ಕಂಬಕ್ಕೆ ಒರಗಿ ನಾನು ಎಡಕ್ಕೆ ಅಂತ ಬೇಡಿದ್ದು ಇವಳ ತಲೆಯ ಮೇಲೆ ಇಡು ಅಂತಲೇ ಅಲ್ಲವೇ. ಕೋಡ್ ಬರೆದು ಮಾಡಿದರೂ ಅಷ್ಟೇ, ಬರೆಯದೆ ಮಾಡಿದರೂ ಅಷ್ಟೇ. ಮಾಡಿದವಳು ಯಾರು ಅಂತ ಊರಿಗೆ ಗೊತ್ತಾದರೆ ಸಾಕು, ಅವಳ ನಿದ್ದೆ ಊರಿನದು.

ಬಟ್ಟೆ ನೆನೆಸಿ ಕೂಸಿನ ಹಣೆಗೆ ಹಾಕಿದೆ. ತಣ್ಣಗಾಗುತ್ತಿತ್ತು, ಜ್ವರ ಇಳಿಯುತ್ತಿತ್ತು. ಅದನ್ನು ಹೇಳೋಣ ಅಂತ ತಿರುಗಿದರೆ ಬಿಂದು ಗೋಡೆಗೆ ತಲೆ ಕೊಟ್ಟು ಮಲಗಿಬಿಟ್ಟಿದ್ದಳು. ಒಂದು ಕೈಯಲ್ಲಿ ಪ್ರಸಾದ, ಇನ್ನೊಂದರಲ್ಲಿ ಹಗ್ಗ. ಫೋನು ಮಡಿಲಲ್ಲಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಬೆಳಗಿ, ನಡುಗಲು ಶುರುವಾಯಿತು. ಮೇಲೆ 'ಮಾವ' ಅಂತ ಬರೆದಿತ್ತು. ಅವಳ ರೆಪ್ಪೆ ಅಲುಗಿತು. ಏಳುವುದಕ್ಕೆ ಮೊದಲು ನಾನೇ ಎತ್ತಿಕೊಂಡೆ.

"ಬಿಂದು, ಬಿರ್ನೆ ನೋಡವ್ವ, ಬೊಮ್ಮಮ್ಮನ ಮನೇದು ಇನ್ನೂ ಕಡೇಲಿ ತೋರುಸ್ತಾ ಅದ."

"ಮಲ್ಲಪ್ಪಣ್ಣ, ನಾನು ಸರೋಜಾ. ಬಿಂದು ಮಲ್ಗವ್ಳ."

"ಬಂದ್ಯಾ? ಒಳ್ಳೇದಾಯ್ತು ಬುಡು. ಅಂಗಾರ ನೀನೇ ಒಸಿ..."

"ಬೊಮ್ಮಮ್ಮನ ಮನೆ ಮೂಟೆ ಯಾವ್ದು ಅಂತ ನಿನ್ಗ ಗೊತ್ತಾ ಅಣ್ಣ?"

"ಗೊತ್ತಿಲ್ದೆ ಏನು. ಇಲ್ಲೇ ಕಣ್ಮುಂದ ಅದ."

"ಎತ್ತಿ ಮೊದ್ಲು ಏರ್ಸು."

"ಅಲ್ಲ ಕಣವ್ವ, ಫೋನಲ್ಲಿ ಸರಿ ಮಾಡ್ಬೇಕಲ್ಲ. ಇನ್ನೇನು ನಾಕ್ ಗಂಟ, ಬುಕಿಂಗ್ ಮುಗ್ದೋಯ್ತದ."

"ಮುಗೀಲಿ."

ಆ ಕಡೆಯಿಂದ ಮೂಟೆಗಳ ಸುತ್ತ ಜನ ಮಾತಾಡುವುದು, ವ್ಯಾನಿನ ಹಿಂದಿನ ಬಾಗಿಲು ಬಡಿಯುವುದು ಕೇಳುತ್ತಿತ್ತು. ಕೊನೆಗೆ ಮಲ್ಲಪ್ಪಣ್ಣ ಫೋನನ್ನು ಬಾಯಿಂದ ದೂರ ಇಟ್ಟು ಯಾರಿಗೋ, "ಎತ್ತುರ್ಲಾ, ಬೊಮ್ಮಮ್ಮನ ಮನೇದು ಮೊದ್ಲು ಎತ್ತಿ" ಅಂದ.

ಫೋನನ್ನು ಆರಿಸಿ ಕೂಸಿನ ಬಟ್ಟೆಗಳ ಅಡಿಗೆ ಇಟ್ಟೆ. ಮುಗೀಲಿ ಅಂತ ಆರು ವರ್ಷದಲ್ಲಿ ನನ್ನ ಪರವಾಗಿ ಒಬ್ಬರೂ ಅಂದಿರಲಿಲ್ಲ. ನನ್ನ ಬಾಯಿಗೂ ಬಂದಿರಲಿಲ್ಲ. ಜೋಲಿ ನಿಂತುಹೋಗಿ ಕೂಸು ಮಿಸುಕಾಡಿತು. ಬಿಂದುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಗ್ಗವನ್ನು ನಾನು ತೆಗೆದುಕೊಂಡೆ.